ಮೀಟರು ಯಾರದು, ದುಡ್ಡು ಯಾರದು?

ಬೇಸಗೆ ಬಂತೆಂದರೆ ನಮ್ಮ ಕಚೇರಿಯ ಜಗುಲಿಗೆ ಬಂದು ಕೂರುವವರ ಕೈಯಲ್ಲಿ ಒಂದೇ ಬಗೆಯ ಕಾಗದವಿರುತ್ತದೆ. ಮೀಟರು ಓದುವವನು ಕೈಯಂತ್ರದಿಂದ ಹರಿದುಕೊಡುವ, ಎರಡು ತಿಂಗಳಿಗೆಲ್ಲ ಅಕ್ಷರ ಮಾಸಿಹೋಗುವ ಚೀಟಿ ಅದು. ಮಾರ್ಚ್ ತಿಂಗಳಲ್ಲಿ ಒಬ್ಬಿಬ್ಬರು ಬರುತ್ತಾರೆ. ಮೇ ತಿಂಗಳ ಹೊತ್ತಿಗೆ ನಾವು ಬಾಗಿಲು ತೆಗೆಯುವ ಮುಂಚೆಯೇ ಜನ ಕಾದಿರುತ್ತಾರೆ. ಮಾಚೇನಹಳ್ಳಿಯ ಗಾರ್ಮೆಂಟ್ಸಿಗೆ ಹೋಗುವ ಹೆಣ್ಣುಮಕ್ಕಳು, ಅಕ್ಕಿ ಗಿರಣಿಯ ಹಮಾಲರು, ಗಾಂಧಿ ಬಜಾರಿನ ಸಣ್ಣ ಅಂಗಡಿಯವರು, ಭದ್ರಾವತಿಯಿಂದ ಬಸ್ಸು ಹಿಡಿದು ಬರುವ ನಿವೃತ್ತ ಕಾರ್ಮಿಕರು, ಎಲ್ಲರದೂ ಒಂದೇ ಮಾತು: “ಮೇಷ್ಟ್ರೇ, ಇದೇನು ಬಿಲ್ಲು ಹೀಗೆ ಬಂದಿದೆ?”

ಬಂದವರಲ್ಲಿ ಹೆಚ್ಚಿನವರು ಬಾಡಿಗೆ ಮನೆಯವರು. ಚೀಟಿಯ ಮೇಲಿರುವ ಹೆಸರು ಮನೆ ಯಜಮಾನರದು. ಕೆಲವು ಕಡೆ ತೀರಿಹೋಗಿ ಎಷ್ಟೋ ವರ್ಷವಾದ ಯಜಮಾನರ ತಂದೆಯದು. ದುಡ್ಡು ತೆರುವವರ ಹೆಸರು ಅದರಲ್ಲಿ ಎಲ್ಲಿಯೂ ಇಲ್ಲ. ಇನ್ನು ಕೆಲವರ ಬಳಿ ಆ ಚೀಟಿಯೂ ಇರುವುದಿಲ್ಲ. ನೋಟುಪುಸ್ತಕದ ಹಾಳೆಯ ತುಂಡಿನಲ್ಲಿ ಯಜಮಾನರು ಗೀಚಿಕೊಟ್ಟ ಎರಡು ಸಾಲು ಇರುತ್ತದೆ: ಬಾಡಿಗೆ 4,500, ಕರೆಂಟು 950. ಈ 950 ಎಲ್ಲಿಂದ ಬಂತು ಸ್ವಾಮಿ ಎಂದು ಕೇಳಿದರೆ, ಒಪ್ಪಿಗೆಯಾಗದಿದ್ದರೆ ಮನೆ ಖಾಲಿ ಮಾಡಿ ಎಂಬ ಉತ್ತರ ಸಿದ್ಧವಾಗಿರುತ್ತದೆ.

ಕರೆಂಟಿನ ದರ ಹೆಚ್ಚಿತೆಂದು ಕೂಗುವವರು ಬಹಳ ಮಂದಿ ಇದ್ದಾರೆ. ನಾವೂ ಕೂಗಿದ್ದೇವೆ. 2023ರ ಜೂನ್ ತಿಂಗಳಲ್ಲಿ, ಮೇ ತಿಂಗಳಲ್ಲಿ ಹೊರಟ ದರದ ಆದೇಶವನ್ನು ಏಪ್ರಿಲ್‌ನಿಂದಲೇ ಅನ್ವಯಿಸಿ ಹಿಂಬಾಕಿ ಸಮೇತ ಬಿಲ್ಲು ಬಂದಾಗ ರಾಜ್ಯದ ವರ್ತಕರು ಬೀದಿಗಿಳಿದುದು ಎಲ್ಲರಿಗೂ ನೆನಪಿದೆ. ಆದರೆ ಬಾಡಿಗೆದಾರನ ಕಷ್ಟ ದರದಿಂದ ಶುರುವಾಗುವುದಲ್ಲ. ದರವೆಷ್ಟು ಎಂದು ಕೇಳುವುದಕ್ಕೆ ಮೊದಲು ಅಳತೆ ಯಾರದು ಎಂದು ಅವನು ಕೇಳಬೇಕಾಗಿದೆ. ಆ ಪ್ರಶ್ನೆಯನ್ನು ಹಿಡಿದುಕೊಂಡು ಎಲ್ಲಿಗೆ ಹೋಗಬೇಕೆಂಬುದು ಅವನಿಗೆ ಗೊತ್ತಿಲ್ಲ. ಹೋದಲ್ಲಿ ಅವನ ಮಾತನ್ನು ಕೇಳುವವರೂ ಇಲ್ಲ.

ನಾವೂ ಸರಿಯಾಗಿ ಕೇಳಿದವರಲ್ಲ. ಇದನ್ನು ಮುಚ್ಚಿಡುವುದು ಬೇಡ. ಎರಡು ಬೇಸಗೆಯ ಹಿಂದೆ ಒಂದು ವಠಾರದ ಹೆಣ್ಣುಮಗಳು ಬಂದು, ಯಾವಾಗಲೂ ಬರುವುದರ ಮೂರರಷ್ಟು ಬಿಲ್ಲು ಬಂದಿದೆ ಎಂದು ಕಣ್ಣೀರು ಹಾಕಿದಳು. ಅವಳ ಮನೆಯಲ್ಲಿ ಇದ್ದುದು ಎರಡು ಫ್ಯಾನು, ನಾಲ್ಕು ದೀಪ, ಒಂದು ಮಿಕ್ಸಿ. ನಾವು ಮರುದಿನವೇ ಹದಿನೈದು ಜನರನ್ನು ಕಟ್ಟಿಕೊಂಡು ವಿದ್ಯುತ್ ಕಚೇರಿಯೊಂದಕ್ಕೆ ಹೋಗಿ, ಮೇಜು ಗುದ್ದಿ, ಮೀಟರು ಸುಳ್ಳು ಹೇಳುತ್ತಿದೆ ಎಂದು ಘೋಷಣೆ ಹಾಕಿಸಿದೆವು. ಅಲ್ಲಿದ್ದ ಎಂಜಿನಿಯರು ವಯಸ್ಸಿನಲ್ಲಿ ಚಿಕ್ಕವರು. ಸಿಟ್ಟು ಮಾಡಿಕೊಳ್ಳಲಿಲ್ಲ. ಸಂಜೆ ತಾವೇ ವಠಾರಕ್ಕೆ ಬಂದು ಆ ಮನೆಯ ಮೈನ್ ಸ್ವಿಚ್ಚನ್ನು ಆರಿಸಿದರು. ಮನೆಯೊಳಗೆ ಕತ್ತಲೆಯಾಯಿತು, ಮೀಟರಿನ ಕೆಂಪು ದೀಪ ಮಾತ್ರ ಮಿನುಗುತ್ತಲೇ ಇತ್ತು. ತಂತಿಯನ್ನು ಹಿಡಿದುಕೊಂಡು ಹಿಂದೆ ಹೋಗಿ ನೋಡಿದರೆ ವಠಾರದ ಕೊಳವೆಬಾವಿಯ ಮೋಟಾರು! ಹಿಂದಿನ ವರ್ಷ ರಿಪೇರಿ ಮಾಡಿದವನು ಅದರ ತಂತಿಯನ್ನು ಈ ಬಡಪಾಯಿಯ ಮೀಟರಿಗೆ ತಗುಲಿಸಿ ಹೋಗಿದ್ದ. ಒಂದು ಎಚ್.ಪಿ. ಮೋಟಾರು ಗಂಟೆಗೆ ಮುಕ್ಕಾಲು ಯೂನಿಟ್ಟಿಗೂ ಮಿಕ್ಕಿ ಎಳೆಯುತ್ತದೆ. ಮಳೆಗಾಲದಲ್ಲಿ ಒಂದು ಗಂಟೆಗೆ ತುಂಬುತ್ತಿದ್ದ ಟ್ಯಾಂಕು, ನೀರು ಕೆಳಕ್ಕಿಳಿದ ಬೇಸಗೆಯಲ್ಲಿ ನಾಲ್ಕು ಗಂಟೆ ಓಡಿದರೂ ತುಂಬದು. ದಿನಕ್ಕೆ ಮೂರು ಯೂನಿಟ್ಟು, ತಿಂಗಳಿಗೆ 90. ಆರು ಮನೆಗಳು ಕುಡಿದ ನೀರಿನ ಲೆಕ್ಕವೆಲ್ಲ ಒಬ್ಬಳ ತಲೆಯ ಮೇಲೆ ಬಿದ್ದಿತ್ತು.

ಮೀಟರು ಸುಳ್ಳು ಹೇಳಿರಲಿಲ್ಲ. ನಾವು ಮರುದಿನ ಒಬ್ಬರೇ ಹೋಗಿ ಆ ಎಂಜಿನಿಯರರ ಕ್ಷಮೆ ಕೇಳಿ ಬಂದೆವು. ಹದಿನೈದು ಜನರೊಂದಿಗೆ ಹೋದಷ್ಟು ಸುಲಭವಾಗಿರಲಿಲ್ಲ ಆ ದಾರಿ.

ಅಂದಿನಿಂದ, ಯಾರು ಚೀಟಿ ಹಿಡಿದು ಬಂದರೂ ಮೊದಲು ಅವರ ಮನೆಯ ಮೀಟರನ್ನು ಕಣ್ಣಾರೆ ನೋಡದೆ ನಾವು ಒಂದು ಮಾತನ್ನೂ ಆಡುವುದಿಲ್ಲ. ನಾವು ಹಿಂದೆ ಹಳ್ಳಿಯ ಶಾಲೆಯಲ್ಲಿ ಲೆಕ್ಕ ಹೇಳಿಕೊಡುತ್ತಿದ್ದವರು. ಆ ಅಭ್ಯಾಸ ಈಗ ಉಪಯೋಗಕ್ಕೆ ಬಂದಿದೆ. ಎಲ್ಲವನ್ನೂ ಆರಿಸಿ ಮೀಟರು ನಿಲ್ಲುತ್ತದೆಯೇ ಎಂದು ನೋಡುವುದು ಮೊದಲ ಕೆಲಸ. ರಾತ್ರಿ ಮಲಗುವಾಗ ಒಮ್ಮೆ, ಬೆಳಿಗ್ಗೆ ಎದ್ದಾಗ ಒಮ್ಮೆ ಅಂಕಿ ಬರೆದಿಡುವುದು ಎರಡನೆಯದು. ಚೀಟಿಯಲ್ಲಿ ಎಷ್ಟು ದಿನದ ಲೆಕ್ಕವಿದೆ, ಹಿಂದಿನ ತಿಂಗಳು ಬಾಗಿಲು ಹಾಕಿತ್ತೆಂದು ಅಂದಾಜಿನ ಬಿಲ್ಲು ಕೊಟ್ಟಿದ್ದಾರೆಯೇ ಎಂಬುದನ್ನೂ ನೋಡಬೇಕು. ಮಕ್ಕಳ ರಜೆಗೆಂದು ಊರಿಗೆ ಹೋಗಿ ಬಂದವರಿಗೆ ಇದು ಬಹಳ ಸಲ ಆಗುವಂಥದು. ಒಂದು ತಿಂಗಳು ಅಂದಾಜು, ಮರುತಿಂಗಳು ಉಳಿದದ್ದೆಲ್ಲ ಒಟ್ಟಿಗೆ.

ಇಷ್ಟಾದ ಮೇಲೆ ಬೇಸಗೆಯ ಲೆಕ್ಕ. 75 ವಾಟಿನ ಒಂದು ಫ್ಯಾನು ದಿನಕ್ಕೆ ಹನ್ನೆರಡು ಗಂಟೆ ತಿರುಗಿದರೆ ತಿಂಗಳಿಗೆ 27 ಯೂನಿಟ್ಟು. ಎರಡು ಫ್ಯಾನಿಗೆ 54. ತಗಡಿನ ಮಾಡು, ಕಿಟಕಿಯಿಲ್ಲದ ಕೋಣೆ, ರಾತ್ರಿಪಾಳಿ ಮುಗಿಸಿ ಬಂದು ಹಗಲು ಮಲಗುವ ಗಂಡಸು, ಹೀಗಿರುವ ಮನೆಯಲ್ಲಿ ಹನ್ನೆರಡು ಗಂಟೆ ಹೆಚ್ಚಲ್ಲ. ಬಡವನ ಮನೆ ಶ್ರೀಮಂತನ ಮನೆಗಿಂತ ಹೆಚ್ಚು ಕಾಯುತ್ತದೆ. ಸಾಹುಕಾರರ ಮನೆಗೆ ಮರದ ನೆರಳು, ದಪ್ಪ ಗೋಡೆ ಇರುತ್ತದೆ. ಫ್ಯಾನು ಬಡವನಿಗೆ ಷೋಕಿಯಲ್ಲ.

ಈ 54 ಎಂಬ ಅಂಕಿಯನ್ನು ಓದುಗರು ನೆನಪಿನಲ್ಲಿಡಬೇಕು. ಏಕೆಂದರೆ 2023ರ ಜುಲೈ ತಿಂಗಳ ಬಳಕೆಯಿಂದ ಜಾರಿಗೆ ಬಂದ ಗೃಹಜ್ಯೋತಿ ಯೋಜನೆಯಲ್ಲಿ ತಿಂಗಳಿಗೆ 200 ಯೂನಿಟ್ಟು ಪುಕ್ಕಟೆ ಎಂದು ಜನ ತಿಳಿದಿದ್ದಾರೆ. ಅದು ಹಾಗಲ್ಲ. 2022–23ರಲ್ಲಿ ಆ ಮನೆಯ ಮೀಟರು ಸರಾಸರಿ ಎಷ್ಟು ಓಡಿತ್ತೋ ಅದರ ಮೇಲೆ ನೂರಕ್ಕೆ ಹತ್ತು ಸೇರಿಸಿ ಅಷ್ಟು ಮಾತ್ರ ಪುಕ್ಕಟೆ. ಸಣ್ಣ ಬಳಕೆಯವರಿಗೆ ನೂರಕ್ಕೆ ಹತ್ತರ ಬದಲು ಹತ್ತು ಯೂನಿಟ್ಟು ಎಂದು 2024ರ ಜನವರಿಯಲ್ಲಿ ಸರ್ಕಾರ ಸ್ವಲ್ಪ ಸಡಿಲಿಸಿತು. ಹಿಂದಿನ ಲೆಕ್ಕವೇ ಇಲ್ಲದ ಹೊಸ ಮನೆಗೆ ರಾಜ್ಯದ ಸರಾಸರಿ 53 ಎಂದು ಹಿಡಿದು 58 ಯೂನಿಟ್ಟು ಗೊತ್ತುಮಾಡಿದರು. ಎರಡು ಫ್ಯಾನು 54 ನುಂಗಿದ ಮೇಲೆ ದೀಪಕ್ಕೆ ಉಳಿಯುವುದು ನಾಲ್ಕು! ಸರಾಸರಿ ಎಂಬುದು ಹನ್ನೆರಡು ತಿಂಗಳನ್ನು ಕೂಡಿ ಭಾಗಿಸಿದ ಅಂಕಿ. ಡಿಸೆಂಬರಿನ ಚಳಿಗೂ ಏಪ್ರಿಲಿನ ಸೆಖೆಗೂ ಒಂದೇ ಅಂಕಿ ಇಟ್ಟರೆ ಚಳಿಗಾಲದಲ್ಲಿ ಉಳಿದದ್ದು ಸರ್ಕಾರಕ್ಕೆ, ಬೇಸಗೆಯಲ್ಲಿ ಮಿಕ್ಕಿದ್ದು ಬಾಡಿಗೆದಾರನಿಗೆ. ಮೇಲಾಗಿ 200 ದಾಟಿದ ತಿಂಗಳು ಪೂರ್ತಿ ಬಿಲ್ಲನ್ನು ಕಟ್ಟಬೇಕು. 199ಕ್ಕೂ 201ಕ್ಕೂ ನಡುವೆ ಇರುವುದು ಒಂದು ರಾತ್ರಿಯ ಫ್ಯಾನು ಅಷ್ಟೆ.

ಬಾಡಿಗೆದಾರರಿಗೂ ಈ ಯೋಜನೆ ಉಂಟು. ಬಾಡಿಗೆ ಕರಾರು ಪತ್ರವನ್ನೋ ಆ ವಿಳಾಸದ ಮತದಾರರ ಚೀಟಿಯನ್ನೋ ತೋರಿಸಿ, ತಮ್ಮ ಆಧಾರ್ ಸಂಖ್ಯೆಯನ್ನು ಆ ಮೀಟರಿಗೆ ಜೋಡಿಸಬಹುದು. ಮನೆ ಬದಲಾಯಿಸಿದಾಗ ಹಳೆಯ ಮೀಟರಿನಿಂದ ಆಧಾರ್ ಬಿಡಿಸಿಕೊಳ್ಳುವ ವ್ಯವಸ್ಥೆ 2024ರಲ್ಲಿ ಬಂತು. ಅಷ್ಟರ ತನಕ ಮನೆ ಬಿಟ್ಟು ಬಂದವನ ಆಧಾರ್ ಹಳೆಯ ಮನೆಯಲ್ಲಿ, ಅವನು ಹೊಸ ಮನೆಯಲ್ಲಿ. ಇಷ್ಟಿದ್ದರೂ ಎಷ್ಟೋ ಯಜಮಾನರು ಕರಾರು ಪತ್ರ ಬರೆದುಕೊಡುವುದಿಲ್ಲ. ಬಾಡಿಗೆ ಬರುತ್ತಿರುವುದು ಸರ್ಕಾರಕ್ಕೆ ಗೊತ್ತಾದೀತೆಂಬ ಅಳುಕು ಕೆಲವರಿಗೆ. ಹೆಸರು ಸೇರಿದರೆ ಮನೆಯೇ ಕೈತಪ್ಪೀತೆಂಬ ಭಯ ಕೆಲವರಿಗೆ. ಇನ್ನು ಕೆಲವರು ತಮ್ಮ ಮನೆಯ ಮಗನದೋ ಸೊಸೆಯದೋ ಆಧಾರ್ ಜೋಡಿಸಿ, ಬಿಲ್ಲು ಸೊನ್ನೆ ಬಂದರೂ ಬಾಡಿಗೆದಾರನಿಂದ ತಿಂಗಳಿಗೆ ಐನೂರು ರೂಪಾಯಿ ‘ಕರೆಂಟು ದುಡ್ಡು’ ಎಣಿಸಿಕೊಳ್ಳುತ್ತಾರೆ. ಸರ್ಕಾರ ಬಡವನ ಮನೆಗೆಂದು ಕಳಿಸಿದ್ದನ್ನು ನಡುವೆ ನಿಂತು ಹೀಗೆ ಜೇಬಿಗಿಳಿಸುವುದಕ್ಕೆ ಏನೆಂದು ಹೆಸರು ಕೊಡಬೇಕೋ ಓದುಗರೇ ಹೇಳಲಿ.

ಎಲ್ಲಕ್ಕಿಂತ ದೊಡ್ಡ ಅನ್ಯಾಯ ಒಂದು ಮೀಟರಿಗೆ ಮೂರು ಮನೆ ಕಟ್ಟಿದ ಕಡೆ ನಡೆಯುತ್ತಿದೆ. ಲೆಕ್ಕವನ್ನು ಪೂರ್ತಿ ಮಾಡಿ ತೋರಿಸುತ್ತೇವೆ. ಮೂರು ಸಂಸಾರ, ಒಂದೊಂದಕ್ಕೆ 75 ಯೂನಿಟ್ಟು, ಒಟ್ಟು 225. 2025ರ ಏಪ್ರಿಲ್‌ನಿಂದ ಜಾರಿಗೆ ಬಂದ ದರದಂತೆ ಯೂನಿಟ್ಟಿಗೆ 5 ರೂ. 80 ಪೈಸೆ, ವಿದ್ಯುತ್ ಇಲಾಖೆಯ ನೌಕರರ ಪಿಂಚಣಿ ಬಾಬ್ತು ಎಂದು 36 ಪೈಸೆ, ಮೇಲೆ ನೂರಕ್ಕೆ ಒಂಬತ್ತರ ತೆರಿಗೆ. ಎಲ್ಲ ಕೂಡಿದರೆ ಸುಮಾರು 1,500 ರೂ. ನಿಗದಿ ಶುಲ್ಕ ಕಿಲೋವಾಟಿಗೆ 145ರಂತೆ, ಮೂರು ಕಿಲೋವಾಟಿಗೆ 435. ಒಟ್ಟು ಸುಮಾರು 1,940 ರೂ. ಮೂರು ಭಾಗ ಮಾಡಿದರೆ ತಲೆಗೆ 650ರ ಆಸುಪಾಸು. ಯಜಮಾನರು ಸಬ್ ಮೀಟರು ಹಾಕಿ ಯೂನಿಟ್ಟಿಗೆ ಹತ್ತು ರೂಪಾಯಿ ಎಂದು ತೀರ್ಮಾನಿಸಿದ್ದರೆ 2,250 ವಸೂಲಾಗುತ್ತದೆ. 310 ರೂಪಾಯಿ ಅವರಿಗೆ ಮಿಗುತ್ತದೆ. ಇದೇ ಮೂರು ಸಂಸಾರಗಳಿಗೆ ಮೂರು ಮೀಟರಿದ್ದು, 2022–23ರಲ್ಲಿಯೂ ಇಷ್ಟೇ ಬಳಕೆಯಿದ್ದಿದ್ದರೆ? ಮೂರು ಮನೆಗೂ ಸೊನ್ನೆ ಬಿಲ್ಲು! ಒಬ್ಬೊಬ್ಬರೂ ಕಡಿಮೆ ಬಳಸಿದವರು. ಕೂಡಿಸಿ ಅಳೆದದ್ದರಿಂದ ಹೆಚ್ಚು ಬಳಸಿದವರಾದರು. 2023–24ರಲ್ಲಿ ಇನ್ನೂ ಹದಗೆಟ್ಟಿತ್ತು. ಆಗ 100 ಯೂನಿಟ್ಟಿನವರೆಗೆ 4 ರೂ. 75 ಪೈಸೆ, ಅದು ದಾಟಿದರೆ ಎಲ್ಲ ಯೂನಿಟ್ಟಿಗೂ 7 ರೂ. ಮೂರು ಬಡ ಮನೆ ಸೇರಿ ಒಬ್ಬ ಸಾಹುಕಾರನ ದರ ತೆತ್ತವು.

ಇದನ್ನು ಬರೆಯುವಾಗ ನಮ್ಮ ಜಿಲ್ಲೆಯದೇ ಒಂದು ಹಳೆಯ ಸಂಗತಿ ನೆನಪಿಗೆ ಬರುತ್ತದೆ. 1951ರಲ್ಲಿ ಸಾಗರ ತಾಲ್ಲೂಕಿನ ಕಾಗೋಡಿನಲ್ಲಿ ಗೇಣಿದಾರರು ಸತ್ಯಾಗ್ರಹಕ್ಕೆ ಇಳಿದರು. ಶಾಂತವೇರಿ ಗೋಪಾಲಗೌಡರು ಅದರ ಮುಂದೆ ನಿಂತರು, ಲೋಹಿಯಾ ಬಂದು ಸೆರೆಯಾದರು ಎಂಬುದನ್ನೆಲ್ಲ ನಾವು ಸಭೆಗಳಲ್ಲಿ ಹೇಳುತ್ತೇವೆ. ಜಗಳ ಹುಟ್ಟಿದ್ದು ಯಾತರಿಂದ ಎಂಬುದನ್ನು ಅಷ್ಟಾಗಿ ಹೇಳುವುದಿಲ್ಲ. ಕೊಳಗದಿಂದ. ಗೇಣಿಯ ಭತ್ತವನ್ನು ಅಳೆದುಕೊಳ್ಳಲು ಒಡೆಯರು ಇಟ್ಟುಕೊಂಡಿದ್ದ ಕೊಳಗ ದೊಡ್ಡದು. ಗೇಣಿ ಇಷ್ಟು ಕೊಳಗ ಎಂಬ ಮಾತಿನಲ್ಲಿ ಮೋಸವಿರಲಿಲ್ಲ. ಮೋಸ ಕೊಳಗದ ಹೊಟ್ಟೆಯಲ್ಲಿತ್ತು. ಮುಂದೆ 1974ರ ಭೂಸುಧಾರಣೆಯ ತಿದ್ದುಪಡಿ ಬಂದಾಗಲೂ ಅನೇಕರು ಸೋತದ್ದು ಕಾಗದದಲ್ಲಿ. ತಲೆಮಾರಿನಿಂದ ಉತ್ತಿದ್ದರೂ ಪಹಣಿಯಲ್ಲಿ ಹೆಸರಿಲ್ಲ. ಇಂದು ಗೋಡೆಯ ಮೇಲಿನ ಸಬ್ ಮೀಟರು ಯಜಮಾನರ ಕೊಳಗವಾಗಿದೆ. ಅದನ್ನು ತಂದವರು ಅವರು, ಜೋಡಿಸಿದವರು ಅವರ ಕಡೆಯವರು, ಸರಿಯಿದೆಯೇ ಎಂದು ಪರೀಕ್ಷಿಸಿದವರು ಯಾರೂ ಇಲ್ಲ. ಬಿಲ್ಲೇ ಪಹಣಿ, ಅದರಲ್ಲಿ ಬಾಡಿಗೆದಾರನ ಹೆಸರಿಲ್ಲ.

ಹೆಸರಿಲ್ಲದವನು ಜನರು ಇಂದಿಗೂ ಕೆ.ಇ.ಬಿ. ಎಂದೇ ಕರೆಯುವ ಕಚೇರಿಗೆ ಹೋದರೆ ಕಿಟಕಿಯಾಚೆಯಿಂದ ಬರುವ ಮಾತು ಸಾಮಾನ್ಯವಾಗಿ ಒಂದೇ: ಓನರನ್ನು ಕರೆದುಕೊಂಡು ಬನ್ನಿ. ಓನರು ಬರುವುದಿಲ್ಲ. ಬಂದರೆ ಅವರ ಸಬ್ ಮೀಟರಿನ ಮಾತೂ ಬರುತ್ತದಲ್ಲ! ಆದರೆ ಕಾನೂನು ಈ ಗುಮಾಸ್ತರ ಪಕ್ಷದಲ್ಲಿಲ್ಲ. 2003ರ ವಿದ್ಯುಚ್ಛಕ್ತಿ ಕಾಯಿದೆಯಲ್ಲಿ ಗ್ರಾಹಕನೆಂದರೆ ತನ್ನ ಸ್ವಂತ ಬಳಕೆಗೆ ವಿದ್ಯುತ್ ಪಡೆಯುವವನು. ಮನೆಯ ಹಕ್ಕುಪತ್ರ ಉಳ್ಳವನು ಮಾತ್ರವೆಂದು ಎಲ್ಲಿಯೂ ಇಲ್ಲ. 43ನೆಯ ಕಲಮಿನಂತೆ ಮಾಲೀಕನಾಗಲಿ ವಾಸವಿರುವವನಾಗಲಿ ಅರ್ಜಿ ಹಾಕಿದರೆ ಸಂಪರ್ಕ ಕೊಡತಕ್ಕದ್ದು. 2022ರ ಮೇ ತಿಂಗಳಲ್ಲಿ ಸುಪ್ರೀಂ ಕೋರ್ಟು ಇನ್ನೂ ಬಿಡಿಸಿ ಹೇಳಿತು: ವಿದ್ಯುತ್ ಮೂಲಭೂತ ಸೌಕರ್ಯ, ಮನೆ ಯಜಮಾನ ಒಪ್ಪಿಗೆ ಪತ್ರ ಕೊಡಲಿಲ್ಲವೆಂಬ ಕಾರಣಕ್ಕೆ ಬಾಡಿಗೆದಾರನಿಗೆ ಅದನ್ನು ನಿರಾಕರಿಸುವಂತಿಲ್ಲ, ಅರ್ಜಿದಾರ ಅಲ್ಲಿ ವಾಸವಿದ್ದಾನೆಯೇ ಎಂಬುದಷ್ಟೇ ನೋಡಬೇಕಾದುದು. ಪರವಾನಗಿಯಿಲ್ಲದೆ ಯಾರೂ ವಿದ್ಯುತ್ ವ್ಯಾಪಾರ ಮಾಡಕೂಡದೆಂದು ಅದೇ ಕಾಯಿದೆಯ 12ನೆಯ ಕಲಮು ಹೇಳುತ್ತದೆ. 5 ರೂ. 80 ಪೈಸೆಯದನ್ನು ಹತ್ತು ರೂಪಾಯಿಗೆ ಮಾರುವ ಯಜಮಾನರು ಈ ಕಲಮನ್ನು ಒಮ್ಮೆ ಓದಿಕೊಳ್ಳುವುದು ಒಳ್ಳೆಯದು.

ಹಾಗಾದರೆ ಪ್ರತ್ಯೇಕ ಮೀಟರಿಗೆ ಅರ್ಜಿ ಹಾಕಿಬಿಡಿ ಎನ್ನೋಣವೆ? ಅಲ್ಲೂ ಒಂದು ಮುಳ್ಳಿದೆ. ಸ್ವಾಧೀನಾನುಭವ ಪತ್ರವಿಲ್ಲದ ಕಟ್ಟಡಕ್ಕೆ ವಿದ್ಯುತ್ ಸಂಪರ್ಕ ಕೊಡಬಾರದೆಂದು 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಆದೇಶ ಮಾಡಿತು. 2025ರಲ್ಲಿ ನಮ್ಮ ರಾಜ್ಯದಲ್ಲಿ ಅದನ್ನು ಹಿಡಿದು ಹೊಸ ಅರ್ಜಿಗಳು ತಡೆಯಲ್ಪಟ್ಟವು. ನಕ್ಷೆ ಮೀರಿ ಕಟ್ಟಿದವರು ಯಜಮಾನರು, ಕಟ್ಟುವಾಗ ಕಣ್ಣುಮುಚ್ಚಿ ಕುಳಿತವರು ಅಧಿಕಾರಿಗಳು, ಶಿಕ್ಷೆ ಮಾತ್ರ ಒಳಗೆ ವಾಸವಿರುವ ಬಾಡಿಗೆದಾರನಿಗೆ. ಅಕ್ರಮ ಕಟ್ಟಡಗಳನ್ನು ತಡೆಯಬೇಕೆಂಬುದರಲ್ಲಿ ನಮಗೆ ಎರಡು ಮಾತಿಲ್ಲ. ಆದರೆ ಈಗಾಗಲೇ ಸಂಪರ್ಕವಿರುವ ಮನೆಯಲ್ಲಿ ಒಂದು ಮೀಟರನ್ನು ಮೂರು ಮಾಡುವುದು ಹೊಸ ಕಟ್ಟಡಕ್ಕೆ ಕರೆಂಟು ಕೊಟ್ಟಂತೆ ಹೇಗಾದೀತು?

ಮೀಟರು ಪ್ರತ್ಯೇಕವಿದ್ದೂ ಬಿಲ್ಲಿನ ಮೇಲೆ ನಿಜವಾದ ಸಂಶಯವಿರುವವರು ತಿಳಿಯಬೇಕಾದುದು ಬೇರೆ. ದೂರನ್ನು ಬಾಯಿಮಾತಿನಲ್ಲಿ ಬಿಡಬೇಡಿ. 1912ಕ್ಕೆ ಫೋನು ಮಾಡಿ ದೂರಿನ ಸಂಖ್ಯೆ ಬರೆದುಕೊಳ್ಳಿ. ಕಚೇರಿಗೆ ಬರೆದ ಅರ್ಜಿ ಕೊಟ್ಟು, ನಕಲಿನ ಮೇಲೆ ಮೊಹರು ಹಾಕಿಸಿಕೊಳ್ಳಿ. ಮೀಟರು ತಾಳೆಯಾಗುತ್ತಿಲ್ಲವೆಂದು ದೂರು ಬಂದ ಐದು ದಿನದೊಳಗೆ ಕಂಪನಿಯವರು ಇನ್ನೊಂದು ಮೀಟರನ್ನು ಪಕ್ಕದಲ್ಲಿ ಜೋಡಿಸಿ ಕನಿಷ್ಠ ಮೂರು ತಿಂಗಳು ತಾಳೆ ನೋಡಬೇಕೆಂದು ಕೇಂದ್ರ ಸರ್ಕಾರದ 2024ರ ತಿದ್ದುಪಡಿ ನಿಯಮವಿದೆ. ಹಣ ಕಟ್ಟದಿದ್ದರೆ ಫ್ಯೂಸು ಕೀಳುತ್ತಾರೆಂದು ಹೆದರಿ ಕೈಸಾಲ ಮಾಡುವ ಬಂಧುಗಳು 56ನೆಯ ಕಲಮನ್ನು ತಿಳಿದಿರಬೇಕು. ಹದಿನೈದು ದಿನಗಳ ಬರೆಹದ ನೋಟೀಸು ಕೊಡದೆ ಸಂಪರ್ಕ ಕಡಿಯುವಂತಿಲ್ಲ. ಬಿಲ್ಲಿನ ಮೇಲೆ ತಕರಾರಿದ್ದರೆ, ಕೇಳಿದ ಮೊತ್ತ ಅಥವಾ ಹಿಂದಿನ ಆರು ತಿಂಗಳ ಸರಾಸರಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದನ್ನು ‘ಆಕ್ಷೇಪಣೆಯೊಂದಿಗೆ’ ಎಂದು ಬರೆದು ಕಟ್ಟಿದರೆ, ತಕರಾರು ತೀರುವವರೆಗೆ ಕಡಿಯುವಂತಿಲ್ಲ. ಬಂದ ಬಿಲ್ಲು 4,000 ಇದ್ದು, ಹಿಂದಿನ ಆರು ತಿಂಗಳ ಸರಾಸರಿ 700 ಇದ್ದರೆ, ಆ ಹೊತ್ತಿಗೆ ಕಟ್ಟಬೇಕಾದದ್ದು 700. ಬೇಸಗೆಯ ಬಿಲ್ಲಿಗೆ ಇದು ದೊಡ್ಡ ಆಸರೆ. ಹಿಂದಿನ ಆರು ತಿಂಗಳಲ್ಲಿ ಚಳಿಗಾಲ ಸೇರಿರುತ್ತದೆ. ಕಚೇರಿಯಲ್ಲಿ ತೀರದಿದ್ದರೆ ಗ್ರಾಹಕರ ಕುಂದುಕೊರತೆ ವೇದಿಕೆಯಿದೆ, ಅದರ ಮೇಲೆ ಓಂಬುಡ್ಸ್‌ಮನ್ ಇದ್ದಾರೆ. ವಕೀಲರನ್ನು ಹಿಡಿಯಬೇಕಾಗಿಲ್ಲ. ನಮ್ಮ ಎರಡು ಊರುಗಳ ಜನ ಇಂಥ ವೇದಿಕೆಯ ಹೆಸರನ್ನೂ ಕೇಳಿಲ್ಲ. ಬಿಲ್ಲಿನ ಹಿಂಬದಿಯಲ್ಲಿ ಜಾಹೀರಾತಿಗೆ ಸಿಗುವ ಜಾಗ ಇದರ ವಿಳಾಸಕ್ಕೂ ಸಿಗಬೇಕು.

ಡಿಪಾಜಿಟ್ಟಿನ ಮಾತನ್ನೂ ಇಲ್ಲೇ ಹೇಳಿಬಿಡುತ್ತೇವೆ. ವರ್ಷಕ್ಕೊಮ್ಮೆ ಕಂಪನಿಯವರು ಎರಡು ತಿಂಗಳ ಸರಾಸರಿ ಬಿಲ್ಲಿನಷ್ಟು ಠೇವಣಿ ಇದೆಯೇ ಎಂದು ನೋಡಿ, ಸಾಲದಿದ್ದರೆ ಹೆಚ್ಚುವರಿ ಕೇಳುತ್ತಾರೆ. ಅದು ಬರುವುದೂ ಹೆಚ್ಚಾಗಿ ಬೇಸಗೆಯ ಅಂಚಿನಲ್ಲೇ. ಯಜಮಾನರು ಅದನ್ನೂ ಬಾಡಿಗೆದಾರನ ತಲೆಗೆ ಕಟ್ಟುತ್ತಾರೆ. ಠೇವಣಿ ಇರುವುದು ಯಜಮಾನರ ಹೆಸರಿನಲ್ಲಿ, ಅದಕ್ಕೆ ಬಡ್ಡಿ ಜಮೆಯಾಗುವುದು ಅದೇ ಮೀಟರಿಗೆ. ಕೊಟ್ಟವನು ಮನೆ ಬಿಟ್ಟು ಹೋದಾಗ ಅವನಿಗೆ ಸಿಗುವುದು ಏನೂ ಇಲ್ಲ. ಡಿಪಾಜಿಟ್ಟು ಬಾಡಿಗೆದಾರ ಕೊಡಬೇಕಾದ ಹಣವಲ್ಲ. ಕೊಡಲೇಬೇಕಾಗಿ ಬಂದರೆ ರಸೀದಿ ಬರೆಸಿಕೊಳ್ಳಿ, ಮನೆ ಬಿಡುವಾಗ ಮುಂಗಡದೊಂದಿಗೆ ಕೇಳಿ ಪಡೆಯಿರಿ.

ಸಣ್ಣ ವರ್ತಕ ಬಂಧುಗಳಿಗೆ ಒಂದು ಎಚ್ಚರಿಕೆ. ದುರ್ಗಿಗುಡಿಯಲ್ಲಾಗಲಿ ಭದ್ರಾವತಿಯ ಹಳೇನಗರದಲ್ಲಾಗಲಿ ಮನೆಯ ಮುಂದಿನ ಕೋಣೆಯಲ್ಲಿ ಟೈಲರಿಂಗೋ ಜೆರಾಕ್ಸೋ ಇಟ್ಟುಕೊಂಡು ಮನೆಯ ಮೀಟರಿನಿಂದಲೇ ತಂತಿ ಎಳೆದವರು ಬಹಳ ಮಂದಿ. ಯಜಮಾನರೇ ಹಾಗೆ ಎಳೆದುಕೊಟ್ಟು ಬಾಡಿಗೆಗೆ ಬಿಟ್ಟದ್ದೂ ಉಂಟು. ಜಾಗೃತದಳದವರು ಬಂದು ನೋಡಿದರೆ 126ನೆಯ ಕಲಮಿನಂತೆ ಎರಡರಷ್ಟು ದರ ಬೀಳುತ್ತದೆ. ಅಂಗಡಿ ಹಿಡಿಯುವ ಮುಂಚೆ ಮೀಟರು ಯಾವ ವರ್ಗದ್ದೆಂದು ಬಿಲ್ಲಿನಲ್ಲಿ ಓದಿಕೊಳ್ಳಿ. ಬಾಡಿಗೆಯ ಚೌಕಾಸಿ ಆಮೇಲೆ.

ಭದ್ರಾವತಿಯ ಕತೆಯಲ್ಲಿ ಇನ್ನೊಂದು ನೋವು ಸೇರಿದೆ. 1923ರಲ್ಲಿ ಮೊದಲ ಕಬ್ಬಿಣ ಇಳಿದ ಊರು ಅದು. 1936ರಲ್ಲಿ ಕಾಗದದ ಕಂಪನಿ ಹುಟ್ಟಿತು. ಕಾರ್ಖಾನೆಯ ಕ್ವಾರ್ಟರ್ಸಿನಲ್ಲಿ ಬೆಳೆದವರಿಗೆ ಕರೆಂಟೆಂದರೆ ಸಂಬಳದ ಚೀಟಿಯಲ್ಲಿ ಮುರಿದುಕೊಳ್ಳುವ ಒಂದು ಸಣ್ಣ ಬಾಬ್ತು. 2015ರಲ್ಲಿ ಕಾಗದದ ಯಂತ್ರಗಳು ನಿಂತವು. 2023ರ ಜನವರಿಯಲ್ಲಿ ಉಕ್ಕಿನ ಕಾರ್ಖಾನೆಯನ್ನೂ ಮುಚ್ಚುವ ತೀರ್ಮಾನವಾಯಿತು. ಗದ್ದಲವಾದ ಮೇಲೆ ಅದೇ ಆಗಸ್ಟಿನಲ್ಲಿ ಒಂದು ಭಾಗ ಮತ್ತೆ ತಿರುಗಿತು. ಈ ನಡುವೆ ಮನೆ ಕಳೆದುಕೊಂಡು ಹೊಸಮನೆ, ಜನ್ನಾಪುರಗಳ ವಠಾರ ಸೇರಿದವರು ಅರುವತ್ತರ ವಯಸ್ಸಿನಲ್ಲಿ ಮೊದಲ ಬಾರಿಗೆ ಸಬ್ ಮೀಟರು ಎಂಬ ಪದಾರ್ಥವನ್ನು ಕಂಡರು. ಟೌನ್‌ಶಿಪ್ಪಿನೊಳಗೆ ಉಳಿದವರ ಪಾಡೂ ಸುಖದ್ದಲ್ಲ. ಕಾರ್ಖಾನೆ ಒಟ್ಟಾಗಿ ಕೊಂಡು ತನ್ನದೇ ತಂತಿಯಲ್ಲಿ ಹಂಚುವ ಕಡೆ ನಿವಾಸಿಗೆ ಸ್ವಂತ ಆರ್.ಆರ್. ನಂಬರಿಲ್ಲ, ನಂಬರಿಲ್ಲದವನಿಗೆ ಗೃಹಜ್ಯೋತಿಯಿಲ್ಲ. ವಠಾರದ ಯಜಮಾನನ ಜಾಗದಲ್ಲಿ ಇಲ್ಲಿ ಒಂದು ದೊಡ್ಡ ಸಂಸ್ಥೆ ನಿಂತಿದೆ ಎಂಬುದಷ್ಟೇ ವ್ಯತ್ಯಾಸ. ಜೋಗದ ಕರೆಂಟು 1948ರಲ್ಲಿ ಹರಿಯತೊಡಗಿದಾಗ, 1964ರಲ್ಲಿ ಲಿಂಗನಮಕ್ಕಿ ಕಟ್ಟೆ ಎದ್ದು ಊರುಗಳು ಮುಳುಗಿದಾಗ, ಈ ಬೆಳಕು ಎಲ್ಲರ ಮನೆಗೆ ಎಂದು ಹೇಳಿದವರು ನಂಬರಿನ ಮಾತನ್ನು ಆಡಿರಲಿಲ್ಲ.

ಮನೆ ಯಜಮಾನರೆಲ್ಲ ಕಟುಕರೆಂದು ನಾವು ಹೇಳುತ್ತಿಲ್ಲ. ಗೋಪಾಳದ ಒಬ್ಬ ವಿಧವೆ ತಾಯಿಗೆ ಹಿಂದಿನ ಎರಡು ಕೋಣೆಗಳ ಬಾಡಿಗೆಯೇ ಜೀವನ. ಅವರ ಮೀಟರೂ ಒಂದೇ. ಅವರೂ ಬೇಸಗೆಯಲ್ಲಿ 200 ದಾಟಿ ಪೂರ್ತಿ ಬಿಲ್ಲು ಕಟ್ಟುತ್ತಿದ್ದಾರೆ. ಮೀಟರು ಬೇರೆ ಮಾಡಿದರೆ ಅವರಿಗೂ ಸೊನ್ನೆ, ಬಾಡಿಗೆದಾರರಿಗೂ ಸೊನ್ನೆ ಎಂದು ನಾವು ಲೆಕ್ಕ ಹಾಕಿ ತೋರಿಸಿದಾಗ ಆ ತಾಯಿ, “ಅಯ್ಯೋ ಮೇಷ್ಟ್ರೇ, ಇದನ್ನು ಮೊದಲೇ ಯಾರಾದರೂ ಹೇಳಬಾರದಿತ್ತೆ” ಎಂದರು. ಇಂಥವರೊಂದಿಗೆ ಜಗಳವಿಲ್ಲ. ಐದಾರು ಮನೆ ಕಟ್ಟಿಸಿ, ಒಂದೇ ಮೀಟರಿಟ್ಟು, ಯೂನಿಟ್ಟಿಗೆ ಹತ್ತರಂತೆ ಅಂಗಡಿ ನಡೆಸುವವರೊಂದಿಗೆ ಜಗಳವಿದೆ. ಅವರು ತಂತಿ ಕಿತ್ತರೆ ಕೇಳಲು ಒಂದು ಬಾಡಿಗೆ ಕಾಯಿದೆ ಇದೆಯಲ್ಲ ಎಂದು ಕೆಲವರು ಹೇಳುತ್ತಾರೆ. 1999ರ ಆ ಕಾಯಿದೆ ನೀರು ದೀಪ ಕಡಿಯಬಾರದೆಂದು ಹೇಳುವುದು ನಿಜ. ಆದರೆ ದೊಡ್ಡ ನಗರಗಳಲ್ಲಿ ಬಾಡಿಗೆ 3,500, ಉಳಿದ ಕಡೆ 2,000 ದಾಟಿದರೆ ಅದು ಅನ್ವಯಿಸುವುದೇ ಇಲ್ಲ. ಇಂದು ಶಿವಮೊಗ್ಗದಲ್ಲಿ ಎರಡು ಸಾವಿರಕ್ಕೆ ಸಿಗುವ ಮನೆಯನ್ನು ಯಾರಾದರೂ ತೋರಿಸಿದರೆ ನಾವೇ ಹೋಗಿ ಸೇರುತ್ತೇವೆ.

ನಾವು ಮೆಸ್ಕಾಂನ ಮುಂದೆ, ಸರ್ಕಾರದ ಮುಂದೆ ಇಡುವ ಬೇಡಿಕೆಗಳು ಹೆಚ್ಚಿಲ್ಲ. ಬಾಡಿಗೆದಾರನು ತಂದ ದೂರನ್ನು ಅವನ ಹೆಸರಿನಲ್ಲೇ ದಾಖಲಿಸಿ ರಸೀದಿ ಕೊಡಬೇಕು. ಓನರನ್ನು ಕರೆತನ್ನಿ ಎಂಬ ಮಾತು ನಿಲ್ಲಬೇಕು. ಒಂದು ಒಲೆಗೆ ಒಂದು ಮೀಟರು ಎಂಬುದನ್ನು ಈಗಿರುವ ವಠಾರಗಳಿಗೆ ಸಡಿಲ ನಿಯಮದಲ್ಲಿ ಮಾಡಿಕೊಡಬೇಕು. ಗೃಹಜ್ಯೋತಿಯ ಸರಾಸರಿಯನ್ನು ವರ್ಷದ ಲೆಕ್ಕದಲ್ಲಿ ಹಿಡಿದು, ಚಳಿಗಾಲದಲ್ಲಿ ಉಳಿಸಿದ್ದನ್ನು ಬೇಸಗೆಗೆ ವಜಾ ಕೊಡಬೇಕು. ನಮ್ಮ ಸಂಗಾತಿಗಳಿಗೂ ಒಂದು ಮಾತು: ಚೀಟಿ ಹಿಡಿದು ಬಂದವರನ್ನು ಮೆರವಣಿಗೆಗೆ ಸೇರಿಸುವ ಮುಂಚೆ ಅವರ ಮನೆಗೆ ಹೋಗಿ ಮೈನ್ ಸ್ವಿಚ್ಚನ್ನು ಆರಿಸಿ ನೋಡಿ. ತಪ್ಪು ಯಜಮಾನರದೋ ಕಂಪನಿಯದೋ ಫ್ಯಾನಿನದೋ ಗೊತ್ತಾಗದೆ ಹಾಕಿದ ಘೋಷಣೆಗೆ ಎಂಜಿನಿಯರು ಉತ್ತರ ಕೊಡಬೇಕಾಗಿಲ್ಲ.

ಭಾನುವಾರಗಳಂದು ಬೆಳಿಗ್ಗೆ ಹತ್ತರಿಂದ ಒಂದರವರೆಗೆ ನಾವು ಕಚೇರಿಯಲ್ಲಿರುತ್ತೇವೆ. ಬರುವವರು ಹಿಂದಿನ ಆರು ತಿಂಗಳ ಬಿಲ್ಲು ತನ್ನಿ. ಬಿಲ್ಲಿನ ಅಕ್ಷರ ಮಾಸುವ ಮುಂಚೆ ಒಂದು ಜೆರಾಕ್ಸು ಮಾಡಿಸಿಡಿ. ಬಿಲ್ಲೇ ಕೊಡದ ಯಜಮಾನರಿದ್ದರೆ, ಅವರು ಬರೆದುಕೊಟ್ಟ ಚೀಟಿಯನ್ನು ತನ್ನಿ. ಗೋಡೆಯ ಮೇಲಿನ ಮೀಟರಿನ ಅಂಕಿಯನ್ನು ಇವತ್ತು ರಾತ್ರಿಯೇ ಒಂದು ಪುಸ್ತಕದಲ್ಲಿ ತಾರೀಖಿನೊಂದಿಗೆ ಬರೆಯಲು ಶುರುಮಾಡಿ.